ಬ್ಯಾಳಿ ಬ್ಯಾರೆ, ಬೇಲಿ ಬ್ಯಾರೆ

ಹೊಸ್ತಿಲ ಮೇಲೆ ಕೂತ ಆಯಿ, ಬೆನ್ನಿಗೆ ಚೀಲ ಹಾಕಿಕೊಂಡು ಬಂದ ಮೊಮ್ಮಗನನ್ನು ಕೇಳುತ್ತಾಳೆ: "ಸಾಲಿ ಬಿಟ್ತೇನಪಾ?" ಹುಡುಗ ಬೂಟು ಬಿಚ್ಚುತ್ತಲೇ ತಿದ್ದುತ್ತಾನೆ: "ಸಾಲಿ ಅಲ್ಲಾಯಿ, ಸ್ಕೂಲ್." ಆಯಿ ಹೇಳಿ ನೋಡುತ್ತಾಳೆ: "ಇಸ್ಕೂಲ." ಹುಡುಗ ನಗುತ್ತಾನೆ, ಒಳಗಿನಿಂದ ಸೊಸೆಯೂ ನಗುತ್ತಾಳೆ, ಕೊನೆಗೆ ಆಯಿಯೂ ನಗುತ್ತಾಳೆ. ಕಲಬುರಗಿಯ ಯಾವ ಓಣಿಯಲ್ಲಿ ಸಂಜೆ ನಾಲ್ಕೂವರೆಗೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ. ಪ್ರೀತಿಯ ನಗುವೇ ಅದು, ಅನುಮಾನವಿಲ್ಲ. ಆದರೆ ಅದೇ ಹೊಸ್ತಿಲನ್ನು ನಾಲ್ಕಾರು ವಾರ ಗಮನಿಸಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಆಯಿ ಆ ಪದವನ್ನೇ ಬಿಟ್ಟುಬಿಟ್ಟಿರುತ್ತಾಳೆ. ಹುಡುಗ ಬಂದಾಗ "ಬಂದೇನಪಾ?" ಅನ್ನುತ್ತಾಳೆ, ಅಷ್ಟೇ. ಸಾಲಿಯನ್ನೂ ಅನ್ನುವುದಿಲ್ಲ, ಇಸ್ಕೂಲನ್ನೂ ಅನ್ನುವುದಿಲ್ಲ. ಎಪ್ಪತ್ತು ವರ್ಷ ಬಾಯಲ್ಲಿ ಸಲೀಸಾಗಿ ಓಡಾಡಿದ ಪದ ಹೋಗಿ, ಆ ಜಾಗದಲ್ಲಿ ಏನೂ ಇಲ್ಲದಂತಾಗಿದೆ.

ಆ ಖಾಲಿ ಜಾಗ ನನ್ನ ಮನಸ್ಸನ್ನು ಕೊರೆಯುತ್ತದೆ. ಯಾಕೆಂದರೆ 'ಸಾಲಿ' ತಪ್ಪಲ್ಲ. 'ಶಾಲಾ' ಎಂಬ ಸಂಸ್ಕೃತ ಪದ ಕನ್ನಡದ ನಾಲಿಗೆಗೆ ಒಗ್ಗಿದಾಗ 'ಸಾಲೆ' ಆಗುತ್ತದೆ. 'ಯಾತ್ರಾ' ಜಾತ್ರೆಯಾದಂತೆ, 'ವರ್ಣ' ಬಣ್ಣವಾದಂತೆ. 13ನೆಯ ಶತಮಾನದ ಕೇಶಿರಾಜ ಇಂಥ ಬದಲಾವಣೆಗಳಿಗಾಗಿಯೇ ತನ್ನ ಶಬ್ದಮಣಿದರ್ಪಣದಲ್ಲಿ ಅಪಭ್ರಂಶ ಪ್ರಕರಣವೆಂಬ ಒಂದು ಭಾಗವನ್ನು ಬರೆದ. ಆ ಸಾಲೆಯ ಕೊನೆಯ 'ಎ' ನಮ್ಮ ಕಡೆ 'ಇ' ಆಗುತ್ತದೆ: ಮನೆ ಮನಿ, ಎಣ್ಣೆ ಎಣ್ಣಿ, ಅಡುಗೆ ಅಡಗಿ, ಸಾಲೆ ಸಾಲಿ. ಆಯಿಯ ಬಾಯಲ್ಲಿರುವುದು ಹಳಗನ್ನಡದ ತದ್ಭವ. ಪುಸ್ತಕದ 'ಶಾಲೆ'ಗೂ ಅದಕ್ಕೂ ಹಿರಿಕಿರಿತನದ ಲೆಕ್ಕ ಹಾಕುವ ಅಗತ್ಯವಿಲ್ಲ. ತಿದ್ದುವ ಅಗತ್ಯವಂತೂ ಇಲ್ಲವೇ ಇಲ್ಲ.

ನಾಲಿಗೆಗೂ ಒಂದು ಕಾನೂನಿದೆ

'ಇಸ್ಕೂಲ' ಕೂಡ ಬಾಯಿ ತೊದಲಿ ಬಂದದ್ದಲ್ಲ. ಪದದ ಮೊದಲಲ್ಲೇ ಎರಡು ವ್ಯಂಜನ ಒಟ್ಟಿಗೆ ನಿಲ್ಲುವುದು ಕನ್ನಡದ ಜಾಯಮಾನಕ್ಕೆ ಒಗ್ಗದ ಸಂಗತಿ. ಹಾಗೆ ಬಂದಾಗ ನಾಲಿಗೆಗೆ ಮೂರು ದಾರಿ. ಒಂದು, ಮುಂದಿನ ಸಕಾರವನ್ನು ಬಿಡುವುದು: ಸ್ಥಾನ ತಾಣವಾಯಿತು, ಸ್ನೇಹ ನೇಹವಾಯಿತು, ಸ್ಕಂಭ ಕಂಬವಾಯಿತು. ಸ್ಟೇಷನ್ನು 'ಠೇಸನ್' ಆದದ್ದು ಇದೇ ದಾರಿಯಲ್ಲಿ. ಎರಡು, ನಡುವೆ ಸ್ವರವೊಂದನ್ನು ತುರುಕುವುದು: ಶ್ರೀ ಸಿರಿಯಾಯಿತು, ಪ್ರಾಣ ಹರಣವಾಯಿತು. ಗ್ಲಾಸು 'ಗಿಲಾಸ' ಆದದ್ದು, ಪ್ಲೇಟು 'ಪಲೇಟ' ಆದದ್ದು ಹಾಗೆ. ಮೂರು, ಒತ್ತಕ್ಷರದ ರಕಾರವನ್ನು ಕೈಬಿಡುವುದು: ಪ್ರತಿ ಪಡಿಯಾಯಿತು, ಡ್ರೈವರ್ 'ಡೈವರ' ಆದ. ಸಕಾರದ ಮುಂದೆ 'ಇ' ಹಚ್ಚುವ ಇಸ್ಕೂಲಿನ ರೂಢಿ ಉತ್ತರದ ಭಾಷೆಗಳಲ್ಲಿ ಬಹಳ. ನಮ್ಮಲ್ಲಿ ಉರ್ದು ಆಡುವ ನೆರೆಮನೆಯವರ ಮಾತು ಕಿವಿಗೆ ಬಿದ್ದು ಗಟ್ಟಿಯಾಗಿ ನೆಲೆಯೂರಿದೆ. ಅಂತೂ ಠೇಸನ್ನಿಗೆ ಹೋಗಿ ಗಿಲಾಸಿನಲ್ಲಿ ಚಾ ಕುಡಿದು ಡೈವರನ ಹತ್ತಿರ ಮಾತಾಡಿ ಬಂದ ಮುತ್ಯಾ (ಅಜ್ಜ) ಕೇಶಿರಾಜನ ಒಂದು ಸೂತ್ರವನ್ನೂ ಮುರಿದಿರುವುದಿಲ್ಲ.

ಇದಕ್ಕಿಂತ ಚೆಂದದ ಸಾಕ್ಷಿ ನಮ್ಮ ಬ್ಯಾಳಿ ಮತ್ತು ಬೇಲಿಯಲ್ಲಿದೆ. ನಾವು ಮೇಲೆ ಅನ್ನುವುದಿಲ್ಲ, 'ಮ್ಯಾಲ' ಅನ್ನುತ್ತೇವೆ. ಬೇಡಕ್ಕೆ 'ಬ್ಯಾಡ', ಜೋಳಕ್ಕೆ 'ಜ್ವಾಳ', ತೋಟಕ್ಕೆ 'ತ್ವಾಟ'. ಹಾಗಂತ ಎಲ್ಲ 'ಏ'ಯನ್ನೂ ಎಲ್ಲ 'ಓ'ವನ್ನೂ ಹೀಗೆ ಅಗಲಿಸುವುದಿಲ್ಲ. ಕೋಳಿಗೆ ಕ್ವಾಳಿ ಎಂದವರಿಲ್ಲ. ತೇರು ತೇರೇ, ಬೇರು ಬೇರೇ, ಜೋಡಿ ಜೋಡಿಯೇ. ಸೂತ್ರ ಇಷ್ಟು: ಮುಂದಿನ ಅಕ್ಷರದಲ್ಲಿ ಅಕಾರವೋ ಎಕಾರವೋ ಇದ್ದರೆ ಹಿಂದಿನ ಸ್ವರ ಬಾಯಿ ತೆರೆಯುತ್ತದೆ; ಇಕಾರವೋ ಉಕಾರವೋ ಇದ್ದರೆ ಮುಚ್ಚಿಕೊಂಡೇ ಇರುತ್ತದೆ. ಹಾಗಾದರೆ 'ಬ್ಯಾಳಿ' ಹೇಗೆ ಬಂತು? ಅದರ ಕೊನೆಗೂ ಇಕಾರವೇ ಇದೆಯಲ್ಲ? ಇದೆ, ಆದರೆ ಅದು ನಿನ್ನೆ ಮೊನ್ನೆಯ ಇಕಾರ. ಮೂಲ 'ಬೇಳೆ'. ಬಾಯಿ ಮೊದಲು ತೆರೆದುಕೊಂಡು 'ಬ್ಯಾಳೆ' ಆಯಿತು, ಕೊನೆಯ ಎಕಾರ ಇಕಾರವಾದದ್ದು ಆಮೇಲೆ. 'ಬೇಲಿ'ಯಲ್ಲಿ ಇಕಾರ ಮೊದಲಿನಿಂದಲೂ ಇತ್ತು, ಹಾಗಾಗಿ ಅದು ಬ್ಯಾಲಿ ಆಗಲಿಲ್ಲ. ಗೋಡೆ 'ಗ್ವಾಡಿ' ಆಗಿ, ಜೋಡಿ ಜೋಡಿಯಾಗಿಯೇ ಉಳಿದದ್ದೂ ಇದೇ ಕಾರಣಕ್ಕೆ. ಬೇಸಿಗೆಗೆ ನಾವು 'ಬ್ಯಾಸಗಿ' ಅನ್ನುತ್ತೇವಲ್ಲ, ಅಲ್ಲಿ ಸೂತ್ರ ತಪ್ಪಿತೇ ಎಂದು ನೋಡಿದರೆ ಹಳೆಯ ರೂಪ 'ಬೇಸಗೆ' ಎದುರು ನಿಲ್ಲುತ್ತದೆ. ಪುಸ್ತಕ ಮುಟ್ಟದ ಬಾಯಿ ಒಂದೊಂದು ಪದದ ಹಳೆಯ ಕೊನೆಯನ್ನು ನೆನಪಿಟ್ಟುಕೊಂಡಿದೆ. ಇದನ್ನು ಒರಟು ಮಾತು ಎನ್ನುವವರು ಬ್ಯಾಳಿ ಮತ್ತು ಬೇಲಿಯನ್ನು ಹತ್ತು ಸಲ ಗಟ್ಟಿಯಾಗಿ ಹೇಳಿ ನೋಡಬೇಕು.

ಅಕ್ಷರಗಳು ಜಾಗ ಬದಲಿಸುವುದು ಇನ್ನೊಂದು ಬಗೆ. ದವಾಖಾನಿಯ ಮುಂದೆ ಕೂತವರ ಬಾಯಲ್ಲಿ ಎಕ್ಸರೇ 'ಎಸ್ಕರೆ' ಆಗುತ್ತದೆ. ಸಿಗ್ನಲ್ಲು 'ಸಿಂಗಲ್' ಆಗುತ್ತದೆ, ಮತಲಬ್ 'ಮತ್ಬಲ್' ಆಗುತ್ತದೆ. ಕೇಳಿದವರು ನಗುತ್ತಾರೆ. ಆದರೆ ಗಡಿಯಾಚೆಯ ಮರಾಠಿಯವರು ಬೀಗಕ್ಕೆ ಅನ್ನುವ 'ಕುಲೂಪ'ವನ್ನು ನೋಡಿ. ಅರಬ್ಬಿಯಲ್ಲಿ ಅದು 'ಕುಫ್ಲ್'. ಯಾರದೋ ಬಾಯಲ್ಲಿ ಫಕಾರ ಹಿಂದಕ್ಕೆ ಹೋಗಿ ಲಕಾರ ಮುಂದೆ ಬಂತು. ಅದು ಹಾಗೇ ನಿಂತು ಈಗ ನಿಘಂಟಿನ ಪದ; ಯಾರೂ ತಿದ್ದುವುದಿಲ್ಲ. ಪಂಪನ ಕಾಲದ ಪಾಲು ಹಾಲಾದದ್ದು, ಪೂ ಹೂವಾದದ್ದು, ಪಳ್ಳಿ ಹಳ್ಳಿಯಾದದ್ದು ಹೇಗೆ? ಮೊದಲು 'ಹಾಲು' ಎಂದವರನ್ನು ಆಗಿನ ಯಾವುದೋ ಹೊಸ್ತಿಲಲ್ಲಿ ಯಾರೋ ತಿದ್ದಿಯೇ ಇರಬೇಕು ಎಂದು ನನಗೆ ಅನಿಸುತ್ತದೆ.

ಗಂಟಲ ತಳದ ಕಕಾರ

1948ರವರೆಗೆ ಕಲಬುರಗಿ, ಬೀದರ್, ಯಾದಗಿರಿ ಈ ಮೂರೂ ಜಿಲ್ಲೆಗಳ ನೆಲ ಹೈದರಾಬಾದ್ ನಿಜಾಮರದು, ಕಚೇರಿಯ ಭಾಷೆ ಉರ್ದು. ದವಾಖಾನಿ, ತಸೀಲ, ಪಟ್ವಾರಿ ಎಲ್ಲವೂ ಆ ದಾರಿಯಿಂದ ಬಂದವು ಎನ್ನುವುದು ಓದುಗರಿಗೆ ಗೊತ್ತೇ ಇದೆ. ಅಷ್ಟಾಗಿ ಗಮನಕ್ಕೆ ಬಾರದ ವಿಷಯ ಬೇರೆ. ಕಲಬುರಗಿ, ಬೀದರಿನ ಬೀದಿಯಲ್ಲಿ ಕೇಳುವ ಉರ್ದು ದಖನಿ. ಅರಬ್ಬಿ ಮೂಲದ ಪದಗಳಲ್ಲಿ ಗಂಟಲ ತಳದಿಂದ ಹೊರಡುವ ಒಂದು ಕಕಾರವಿದೆ. ಲಖನೌ ಕಡೆಯವರು ಅದನ್ನು ಗಂಟಲಿಂದಲೇ ತೆಗೆಯುತ್ತಾರೆ. ದಖನಿಯವರು ಅದನ್ನು ಉಜ್ಜಿದ ಖಕಾರ ಮಾಡುತ್ತಾರೆ. ಹಾಗಾಗಿ ಗೋರಿ ಎಂಬರ್ಥದ 'ಕಬರ್' ಇಲ್ಲಿ 'ಖಬರ್' ಆಗಿ, ಸುದ್ದಿ ಎಂಬರ್ಥದ ಖಬರಿನ ಜೊತೆ ಸೇರಿಹೋಗುತ್ತದೆ. ಉತ್ತರದವರು ಇದನ್ನು ಕೇಳಿ ನಕ್ಕದ್ದು ಹಳೆಯ ಕಥೆ.

ಈಗ ಕನ್ನಡದ ಪತ್ರಿಕೆ ತೆರೆದು ನೋಡಿ. 'ಖಾಯಂ ನೌಕರ', 'ವಿಚಾರಣಾಧೀನ ಖೈದಿ'. ಈ ಎರಡೂ ಪದಗಳ ಮೂಲದಲ್ಲಿ ಇರುವುದು ಅದೇ ಗಂಟಲ ತಳದ ಕಕಾರ, ಖಕಾರವಲ್ಲ. ಮೂಲಕ್ಕೆ ಹತ್ತಿರ ಬರೆಯುವುದಾದರೆ ಕಾಯಂ, ಕೈದಿ. ಹಾಗೆ ಬರೆಯುವವರೂ ಇದ್ದಾರೆ. ಆದರೆ ಖಾಯಂ, ಖೈದಿ ಬರಹದಲ್ಲಿ ಗಟ್ಟಿಯಾಗಿ ಕೂತಿವೆ, ಮತ್ತು ಅವುಗಳ ಉಚ್ಚಾರ ದಖನಿಯ ಬಾಯಿಗೆ ಸರಿಯಾಗಿ ಹೊಂದುತ್ತದೆ. ಬಂದೇ ನವಾಜ್ ದರ್ಗಾದ ಸುತ್ತಿನ ಓಣಿಗಳ ಮಾತನ್ನು ಕೆಟ್ಟ ಉರ್ದು ಎನ್ನುವವರ ಕೈಯ ಪತ್ರಿಕೆಯಲ್ಲೇ ಆ ಖಕಾರ ಅಚ್ಚಾಗಿರುತ್ತದೆ. 'ಖಬರ' ನಮ್ಮ ಕನ್ನಡದಲ್ಲಿ ಇನ್ನೂ ಮುಂದೆ ಹೋಗಿದೆ. ಅದು ಸುದ್ದಿಯಷ್ಟೇ ಅಲ್ಲ, ಎಚ್ಚರ, ಅರಿವು. "ಅವನಿಗಿ ಮೈಮ್ಯಾಲ ಖಬರ ಇಲ್ಲ" ಎಂದಾಗ ಆ ಪದದ ಜಾಗದಲ್ಲಿ ಪ್ರಜ್ಞೆಯನ್ನು ಕೂರಿಸಿದರೆ ವಾಕ್ಯ ತಣ್ಣಗಾಗುತ್ತದೆ.

ಊರಿನದು, ಮನೆಯದು, ಒಬ್ಬರದೇ

ಇಲ್ಲಿಯವರೆಗೆ ಹೇಳಿದ್ದೆಲ್ಲ ಸೀಮೆಯ ಮಾತು. ಅದರೊಳಗೆ ಮನೆಯ ಮಾತು ಬೇರೆ, ಮನೆಯೊಳಗೆ ಒಬ್ಬೊಬ್ಬರ ಮಾತು ಬೇರೆ. ಮನೆಗೆ ಪದ ತರುವವರಲ್ಲಿ ಮುಖ್ಯರು ಸೊಸೆಯರು. ಆಳಂದದ ಕಡೆಯಿಂದ ಗುರುಮಠಕಲ್ಲಿಗೆ ಬಂದ ಸೊಸೆ ಮರಾಠಿಯ ನೆರಳಿನ ಪದಗಳನ್ನು ತೆಲುಗಿನ ನೆರಳಿನ ಮನೆಗೆ ತರುತ್ತಾಳೆ. ಅಣ್ಣನ ಹೆಂಡತಿಯನ್ನು ಅವಳು 'ವೈನಿ' ಅಂದರೆ ಈ ಮನೆಯವರು 'ಅತ್ತಿಗಿ' ಅನ್ನುತ್ತಾರೆ. ಅವಳ ಬಾಯಲ್ಲಿ ಮಕ್ಕಳು 'ಪೋರಗೋಳು'. ಮೊದಲ ವರ್ಷ ತವರಿನ ಪದ ಬಂದಾಗೆಲ್ಲ ಅವಳು ಅರ್ಧಕ್ಕೆ ನಿಲ್ಲಿಸಿ ತಿದ್ದಿಕೊಳ್ಳುತ್ತಾಳೆ. ಮಗು ಹುಟ್ಟಿದ ಮೇಲೆ ಆ ಪದಗಳು ಮತ್ತೆ ಮೇಲೆ ಬರುತ್ತವೆ, ಯಾಕೆಂದರೆ ಮಗುವನ್ನು ಆಡಿಸುವ ಮಾತನ್ನು ಅವಳು ಕಲಿತದ್ದು ತವರಿನಲ್ಲಿ. ಮಕ್ಕಳ ಬಾಯಲ್ಲಿ ಎರಡೂ ಉಳಿಯುತ್ತವೆ. ಹಾಗಾಗಿ ಒಂದೇ ಓಣಿಯ ಎರಡು ಮನೆಗಳಲ್ಲಿ ಒಂದೇ ವಸ್ತುವಿಗೆ ಎರಡು ಹೆಸರಿದ್ದರೆ, ಮೊದಲು ಕೇಳಬೇಕಾದದ್ದು ಆ ಮನೆಯ ಅವ್ವಂದಿರ ತವರು ಯಾವುದು ಎಂದು.

ಒಬ್ಬರದೇ ಮಾತಿಗೆ ಉರ್ದುವಿನಲ್ಲಿ ಒಳ್ಳೆಯ ಹೆಸರಿದೆ: ತಕಿಯಾ ಕಲಾಂ. ತಕಿಯಾ ಅಂದರೆ ತಲೆದಿಂಬು. ಮಾತು ದಣಿದಲ್ಲಿ ಒರಗಿಕೊಳ್ಳುವ ಪದ. ಒಬ್ಬರಿಗೆ ಅದು 'ಏನಂದ್ರ', ಇನ್ನೊಬ್ಬರಿಗೆ 'ಬರೋಬರ್', ಮತ್ತೊಬ್ಬರಿಗೆ 'ಹೌದಿಲ್ಲೊ'. ವ್ಯಾಕರಣದ ದೃಷ್ಟಿಯಲ್ಲಿ ಇವಕ್ಕೆ ಅರ್ಥವಿಲ್ಲ. ಆದರೆ ತೀರಿಹೋದವರ ಮಾತನ್ನು ಮನೆಯವರು ಅನುಕರಿಸುವಾಗ ಮೊದಲು ನೆನಪಿಗೆ ಬರುವುದು ಅವರ ತಲೆದಿಂಬೇ. ಅವರು ಹೇಳಿದ ದೊಡ್ಡ ಮಾತುಗಳೆಲ್ಲ ಮರೆತುಹೋಗಿ ಆ 'ಬರೋಬರ್' ಒಂದೇ ಉಳಿದಿರುತ್ತದೆ, ಅದೇ ಎಳೆತದಲ್ಲಿ.

ಜೋಡುನುಡಿಯಲ್ಲೂ ಒಬ್ಬೊಬ್ಬರ ಗುರುತು ಸಿಗುತ್ತದೆ. ಕನ್ನಡದ ಪದ್ಧತಿ ಗಿಕಾರದ್ದು: ರೊಟ್ಟಿ ಗಿಟ್ಟಿ, ಚಾ ಗೀ. ಮರಾಠಿಯದು ಬಿಕಾರ: ಚಹಾ ಬಿಹಾ. ಭಾಲ್ಕಿ, ಔರಾದ್ ಕಡೆ ಎರಡನ್ನೂ ಆಡುವ ಬಾಯಿಗಳಿವೆ, ಮತ್ತು ಯಾರ ಎದುರು ಯಾವುದು ಎನ್ನುವುದು ತಾನಾಗಿಯೇ ಬದಲಾಗುತ್ತದೆ. ಪದವೇ ಗಿಕಾರದಿಂದ ಶುರುವಾದರೆ ಪದ್ಧತಿ ಕೈಕೊಡುತ್ತದೆ: 'ಗಿಡ ಗಿಡ' ಎನ್ನಲು ಬರುವುದಿಲ್ಲ, ಅಲ್ಲಿ 'ಗಿಡ ಗಂಟಿ' ಬಂದು ಕೂರುತ್ತದೆ.

ಬರೆದಿಟ್ಟುಕೊಳ್ಳುವ ಬಗೆ

ಮನೆಯ ಹಿರಿಯರ ಪದಗಳನ್ನು ಬರೆದಿಡಬೇಕು ಎಂದು ಹಲವರು ಹೊರಡುತ್ತಾರೆ, ನಾಲ್ಕನೆಯ ದಿನ ನಿಲ್ಲಿಸುತ್ತಾರೆ. ಕಾರಣ ಒಂದೇ, ಎದುರು ಕೂತು "ಇದಕ್ಕ ನೀ ಏನಂತಿ?" ಎಂದು ಕೇಳುವುದು. ಹಾಗೆ ಕೇಳಿದ ಕೂಡಲೇ ಆಯಿ ಸೆರಗು ಸರಿಪಡಿಸಿಕೊಳ್ಳುತ್ತಾಳೆ, ಜೊತೆಗೇ ಮಾತನ್ನೂ. ರೇಡಿಯೊದಲ್ಲಿ ಕೇಳಿದ ಕನ್ನಡದಲ್ಲಿ ಉತ್ತರ ಬರುತ್ತದೆ. ಪದ ಬೇಕಿದ್ದರೆ ಕೆಲಸ ನಡೆಯುವ ಜಾಗಕ್ಕೆ ಹೋಗಬೇಕು.

ರೊಟ್ಟಿ ಬಡಿಯುವ ಹೊತ್ತು ಇದಕ್ಕೆ ಬಹಳ ಒಳ್ಳೆಯದು. ಒಲೆಯ ಮೇಲೆ ಹಂಚು ಕಾದಿರುತ್ತದೆ. ಕೈ ಹಿಟ್ಟಿನಲ್ಲಿರುವುದರಿಂದ ಆಯಿ ಏನನ್ನೂ ತಾನೇ ಎದ್ದು ತೆಗೆದುಕೊಳ್ಳಲಾರಳು, ಎಲ್ಲವನ್ನೂ ಬಾಯಿಂದಲೇ ಕೇಳಬೇಕು. "ಎಸರು ಕುದೀಲತ್ತದ, ಕೊಣಮಿಗ್ಯಾಗ ಹಾಕು." "ಹಿಟ್ಟಿಗಿ ಜಿಗಿನೇ ಇಲ್ಲ, ಯಾವಾಗ ಬೀಸಿದ್ದಿದು?" "ಆ ಅರಬಿ ಕೊಡಿಲ್ಲಿ." ಐದು ನಿಮಿಷದಲ್ಲಿ ಎಸರು, ಹಿಟ್ಟು ನಾದುವ ಕೊಣಮಿಗಿ, ಜಿಗಿ, ಬಟ್ಟೆ ಎಂಬರ್ಥದ ಅರಬಿ ತಾವಾಗಿ ಬಿದ್ದಿರುತ್ತವೆ. 'ಜಿಗಿ'ಗೆ ಪುಸ್ತಕದಲ್ಲಿ ಅಂಟು ಎಂದು ಅರ್ಥ ಬರೆದರೆ ಸಾಲದು. ಜೋಳದ ಹಿಟ್ಟಿಗೆ ಗೋಧಿಯಂಥ ಬಿಗಿ ಇಲ್ಲ. ಬೀಸಿ ಬಹಳ ದಿನವಾದರೆ ಇದ್ದ ಹಿಡಿತವೂ ಹೋಗಿ, ಬಡಿಯುವಾಗ ಅಂಚು ಸೀಳುತ್ತದೆ. ಕುದಿವ ಎಸರು ಸುರಿಯುವುದು ಆ ಹಿಡಿತವನ್ನು ಮರಳಿ ಪಡೆಯಲಿಕ್ಕೆ. ಕೈಗೆ ತಿಳಿಯುವ ಈ ಸ್ಥಿತಿಯ ಹೆಸರು ಜಿಗಿ. ಪದದ ಜೊತೆ ಅದು ಹುಟ್ಟಿದ ಕೆಲಸವನ್ನೂ ಬರೆಯದಿದ್ದರೆ ಮೊಮ್ಮಗನಿಗೆ ಮುಂದೆ ಅದು ಬರೀ ಎರಡಕ್ಷರ.

ಸಾಧನ ಹೆಚ್ಚೇನೂ ಬೇಡ. ಇನ್ನೂರು ಪುಟದ ಒಂದು ವಹಿ, ಒಂದು ಫೋನು. ಫೋನನ್ನು ಮಡಿಸಿದ ಬಟ್ಟೆಯ ಮೇಲೆ, ಮಾತಾಡುವವರಿಂದ ಎರಡು ಗೇಣು ದೂರ ಇಡಬೇಕು. ನೆಲದ ಮೇಲೆ ನೇರವಾಗಿ ಇಟ್ಟರೆ ರೊಟ್ಟಿ ಬಡಿಯುವ ಸದ್ದು ಮಾತನ್ನು ನುಂಗುತ್ತದೆ. ಫ್ಯಾನು ಆರಿಸಿ. ಮೊದಲ ಹತ್ತು ನಿಮಿಷದ ಧ್ವನಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಫೋನಿಗಾಗಿ ಆಡಿದ ಮಾತು. ಬರೆಯುವಾಗ ಪದವೊಂದನ್ನೇ ಬರೆಯದೆ ಅದು ಬಂದ ಇಡೀ ವಾಕ್ಯ, ಯಾರು ಯಾರಿಗೆ ಹೇಳಿದರು, ಹೇಳಿದವರ ತವರು ಅಥವಾ ಹುಟ್ಟೂರು, ಇಷ್ಟನ್ನು ಅದೇ ದಿನ ಬರೆದು ಮುಗಿಸಬೇಕು. ರಾತ್ರಿ ಕಳೆದರೆ ಪದ ನೆನಪಿರುತ್ತದೆ, ಎಳೆತ ಹೋಗಿರುತ್ತದೆ. ನಮ್ಮ ಕೈ ಅದನ್ನು ಪುಸ್ತಕದ ಕಡೆಗೆ ವಾಲಿಸಿ ಬರೆದುಬಿಡುತ್ತದೆ.

ಲಿಪಿಯದೂ ಒಂದು ತೊಡಕಿದೆ. 'ಮ್ಯಾಲ' ಎಂದು ಬರೆಯುತ್ತೇವೆ, ಆದರೆ ಬಾಯಲ್ಲಿ ಅಲ್ಲಿ ಯಕಾರವಿಲ್ಲ. ಬ್ಯಾಂಕು ಅನ್ನುವಾಗ ಬರುವ ಅಗಲ ಸ್ವರ ಮಾತ್ರ ಇದೆ. ಬೇರೆ ಗುರುತು ಇಲ್ಲದ ಕಾರಣ ಹಾಗೆಯೇ ಬರೆದು, ವಹಿಯ ಮೊದಲ ಪುಟದಲ್ಲಿ ಇದನ್ನು ಹೇಳಿಡಬೇಕು. ಮರಾಠಿ ಸೀಮೆಗೆ ಹತ್ತಿರದವರ ಬಾಯಲ್ಲಿ ಕೆಲವು ಪದಗಳ ಚ, ಜ ಹಲ್ಲಿನ ಹಿಂಬದಿಗೆ ತಾಗಿ ತ್ಸ, ದ್ಝ ಥರ ಕೇಳುತ್ತವೆ. ಅಕ್ಷರದ ಕೆಳಗೆ ಎರಡು ಚುಕ್ಕೆ ಇಟ್ಟರೆ ಸಾಕು. ಒಂದೇ ಗುರುತನ್ನು ಕೊನೆಯವರೆಗೆ ಬಿಡದೆ ಬಳಸುವುದು ಮುಖ್ಯ. ಇನ್ನೊಂದು ಎಚ್ಚರ, ಹಲ್ಲಿನದು. ಮುಂದಿನ ಹಲ್ಲು ಬಿದ್ದವರ ಬಾಯಲ್ಲಿ ಸಕಾರ, ತಕಾರ ಸಡಿಲವಾಗುತ್ತವೆ. ಅದನ್ನು ಉಚ್ಚಾರದ ವಿಶೇಷ ಎಂದು ಬರೆದುಕೊಂಡರೆ ತಪ್ಪಾಗುತ್ತದೆ. ಅದೇ ಮನೆಯ ಮಧ್ಯವಯಸ್ಸಿನವರ ಬಾಯಲ್ಲೂ ಹಾಗೇ ಇದೆಯೇ ಎಂದು ಒಮ್ಮೆ ಹೋಲಿಸಬೇಕು.

ಪದ ಊರಿನದೋ ಮನೆಯದೋ ಎಂದು ತಿಳಿಯಲು ಮೂರು ಮನೆ ಸಾಕು: ಪಕ್ಕದ ಮನೆ, ಬೇರೆ ಓಣಿಯ ಮನೆ, ಬೇರೆ ಜಾತಿಯವರ ಮನೆ. ಮೂರರಲ್ಲೂ ಇದ್ದರೆ ಊರಿನದು. ಎಲ್ಲೂ ಇಲ್ಲದೆ ಈ ಮನೆಯ ಎಲ್ಲರಲ್ಲಿ ಇದ್ದರೆ ಮನೆಯದು, ಬಹುಶಃ ಯಾವುದೋ ಮಗುವಿನ ತೊದಲು ಹಾಗೇ ಉಳಿದದ್ದು. ಒಬ್ಬರಲ್ಲೇ ಇದ್ದರೆ ಅವರದು, ಅದಕ್ಕೆ ಮೊದಲು ವಹಿಯಲ್ಲಿ ಜಾಗ ಕೊಡಿ. ಉಳಿದವು ಇನ್ನೊಬ್ಬರ ಬಾಯಲ್ಲಿ ಇನ್ನೂ ಕೆಲ ಕಾಲ ಇರುತ್ತವೆ.

ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಹೋದಾಗೆಲ್ಲ ಕಾಗಿಣಾ ದಂಡೆಯ ಕೋಟೆಗಿಂತ ಹೆಚ್ಚಾಗಿ ಒಂದು ಪದ್ಯ ನೆನಪಾಗುತ್ತದೆ. ರಾಷ್ಟ್ರಕೂಟರ ಈ ರಾಜಧಾನಿಯಲ್ಲಿ 9ನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗ, ಕನ್ನಡಗಳಲ್ಲಿ ದೋಷ ಇಷ್ಟೇ ಎಂದು ಎಣಿಸಿ ಹೇಳಲು ವಾಸುಕಿಗೂ ಆಗದು, ಅವನೂ ಬೇಸತ್ತುಹೋಗುತ್ತಾನೆ, ಯಾಕೆಂದರೆ ದೇಸಿ ಬೇರೆ ಬೇರೆ ಎನ್ನುತ್ತದೆ. ಅಲ್ಲಿ ಇರುವುದು 'ಕನ್ನಡಂಗಳ್' ಎಂಬ ಬಹುವಚನ. ಮೂರು ಮನೆ ಸುತ್ತಿ ಬಂದವರಿಗೆ ಆ ಬಹುವಚನದ ಅರ್ಥ ಬೇರೆಯವರು ಹೇಳಬೇಕಾಗಿಲ್ಲ.

ಹೇಳದ ಹೆಸರು

ವಹಿಯಲ್ಲಿ ಬರೆಯಲಾಗದ ಪದಗಳೂ ಇವೆ. ನಮ್ಮ ಕಡೆ ಹಳೆಯ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ, ಆರತಿಯಲ್ಲಿ ಒತ್ತಾಯಿಸಿದಾಗ ಒಡಪು ಕಟ್ಟಿ, ಹೆಸರನ್ನು ಪ್ರಾಸದ ನಡುವೆ ಮುಚ್ಚಿ ಒಂದು ಸಲ ಹೇಳಿದರೆ ಮುಗಿಯಿತು. ಉಳಿದ ಆಯುಷ್ಯವೆಲ್ಲ 'ಇವ್ರು', 'ನಮ್ಮ ಮನ್ಯಾವ್ರು'. ಮಾವನ ಹೆಸರೂ ಹಾಗೇ. ಆದರೆ ಹುಟ್ಟಿದ ಗಂಡು ಮಗುವಿಗೆ ಇಡುವುದು ಅಜ್ಜನ ಹೆಸರನ್ನೇ. ಆಗ ಮಗುವನ್ನು ಕರೆಯುವುದು ಹೇಗೆ? ಬೇರೆ ಮನೆಗಳಲ್ಲಿ ಸಿದ್ದಪ್ಪ 'ಸಿದ್ಯಾ' ಆಗುತ್ತಾನೆ, ಮಲ್ಲಿಕಾರ್ಜುನ 'ಮಲ್ಲು' ಆಗುತ್ತಾನೆ. ಇಲ್ಲಿ ಆ ಸಲಿಗೆಯ ಮೊಟಕೂ ನಾಲಿಗೆಗೆ ಬರುವಂತಿಲ್ಲ. ಹಾಗಾಗಿ ಎರಡು ವರ್ಷದ ಕೂಸು 'ಮುತ್ಯಾ' ಆಗುತ್ತದೆ, 'ಅಪ್ಪು' ಆಗುತ್ತದೆ. "ಮುತ್ಯಾ, ಹಾಲು ಕುಡೀಪಾ" ಎಂದು ಅಂಗಳದಲ್ಲಿ ಕೂಗಿದರೆ ಹೊರಗಿನವರು ಬೆರಗಾಗಿ ನೋಡುತ್ತಾರೆ. ಊರವರಿಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ.

ವಿಧವಾ ವೇತನದ ಅರ್ಜಿ ತುಂಬಿಸುವ ಮೇಜಿನ ಮುಂದೆ ಆಯಿಯೊಬ್ಬಳು ನಿಂತಿರುತ್ತಾಳೆ. ಪಕ್ಕದಲ್ಲಿ ಹತ್ತು ವರ್ಷದ ಮೊಮ್ಮಗ, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಕಾಗದ. ಬರೆಯುವವ ತಲೆ ಎತ್ತದೆ ಕೇಳುತ್ತಾನೆ: "ಗಂಡನ ಹೆಸರು?" ಆಯಿ ಸುಮ್ಮನೆ ನಿಲ್ಲುತ್ತಾಳೆ. ಅವನು ಮತ್ತೆ ಕೇಳುತ್ತಾನೆ, ಈ ಸಲ ಸ್ವಲ್ಪ ಮೆಲ್ಲಗೆ, ಅವನ ಮನೆಯಲ್ಲೂ ಇಂಥ ಆಯಿ ಇರಬೇಕು. ಆಯಿ ಮೊಮ್ಮಗನ ಬೆನ್ನ ಮೇಲೆ ಕೈ ಇಟ್ಟು, "ಹೇಳಪಾ ಮುತ್ಯಾ" ಅನ್ನುತ್ತಾಳೆ. ಹುಡುಗ ತನ್ನ ಹೆಸರು ಹೇಳುತ್ತಾನೆ.